ಇದು ಗೆರಿ ಅಲ್ಲೋ ತಮ್ಮಾ, ಹಾವು

ಒಂದು ಕಾಲಕ್ಕೆ ನಮ್ಮ ಕಡೆಯ ಬಸ್ಸುಗಳಲ್ಲಿ ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗನನ್ನು ಗುರುತಿಸಲು ಅವನ ಐಡಿ ಕಾರ್ಡು ನೋಡಬೇಕಾಗಿರಲಿಲ್ಲ. ಹೆಗಲ ಚೀಲದಿಂದ ಮಿನಿ ಡ್ರಾಫ್ಟರಿನ ತೋಳು ಹೊರಗೆ ಚಾಚಿರುತ್ತಿತ್ತು; ಕಂಕುಳಲ್ಲಿ ಡ್ರಾಯಿಂಗ್ ಹಾಳೆ ಸುತ್ತಿಟ್ಟ ಕೊಳವೆ. ನಮ್ಮೂರು ನಿಡಗುಂದಿಯ ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸು ನಿಂತರೆ ಜೋಳದ ಚೀಲಕ್ಕೆ, ಕೋಳಿಗೆ, ಕೂಸಿಗೆ, ಲಗ್ನದ ಟ್ರಂಕಿಗೆ ಎಲ್ಲಕ್ಕೂ ಜಾಗ ಸಿಗುತ್ತಿತ್ತು, ಡ್ರಾಫ್ಟರಿಗೆ ಮಾತ್ರ ಸಿಗುತ್ತಿರಲಿಲ್ಲ. ಒಮ್ಮೆ ಅದು ಅಜ್ಜನೊಬ್ಬನ ರುಮಾಲಿಗೆ ಸಿಕ್ಕು ಅರ್ಧ ರುಮಾಲು ಬಿಚ್ಚಿಕೊಂಡಿತು. ಅಜ್ಜ ಸಿಟ್ಟಾಗಲಿಲ್ಲ. ಬಿಚ್ಚಿದ್ದನ್ನು ನಿಧಾನಕ್ಕೆ ಸುತ್ತಿಕೊಳ್ಳುತ್ತಾ ಕೇಳಿದ: "ಏನೋ ತಮ್ಮಾ ಇದು?"

"ಗೆರಿ ಹೊಡಿಯೂದ್ರಿ ಅಜ್ಜಾ."

"ಗೆರಿ ಹೊಡಿಯಾಕ ಇಷ್ಟು ದೊಡ್ಡ ಸಾಮಾನ ಬೇಕೇನು?"

ಆ ಹುಡುಗನ ಬಳಿ ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು ಎರಡು ಸೀಟು ಹಿಂದೆ ಕೂತಿದ್ದೆ; ನಾನೂ ಕಿಟಕಿಯ ಹೊರಗೆ ನೋಡಿದೆ.

ಮೊದಲ ವರ್ಷದ ಹುಡುಗರಿಗೆ ಗಣಿತದ ಅಂಜಿಕೆ ಇರುತ್ತದೆ, ಆದರೆ ಅದು ಹಳೆಯ ಪರಿಚಯದ ಅಂಜಿಕೆ. ಡ್ರಾಯಿಂಗಿನದು ಹೊಸ ಬೀಗರ ಮುಂದಿನ ಅಂಜಿಕೆ. ಕೆ. ಆರ್. ಗೋಪಾಲಕೃಷ್ಣ ಅವರ ಪುಸ್ತಕ ತೆರೆದರೆ ಒಂದು ಷಡ್ಭುಜದ ಪಿರಮಿಡ್ಡು ಒಂದೇ ಮೂಲೆಯ ಮೇಲೆ ನಿಂತಿರುತ್ತದೆ. ಅದು ಯಾಕೆ ಹಾಗೆ ನಿಂತಿದೆ, ಬೀಳುವುದಿಲ್ಲವೇ, ಯಾರು ನಿಲ್ಲಿಸಿದರು ಎಂದು ಕೇಳುವ ಹಾಗಿಲ್ಲ. ಮೇಲಿನಿಂದ ಹೇಗೆ ಕಾಣುತ್ತದೆ, ಮುಂದಿನಿಂದ ಹೇಗೆ ಕಾಣುತ್ತದೆ ಎಂದಷ್ಟೇ ಬರೆಯಬೇಕು. ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ಗಾಸ್ಪಾರ್ ಮೊಂಜ್. 1760ರ ದಶಕದಲ್ಲಿ ಮೆಜಿಯೇರಿನ ಸೈನಿಕ ಶಾಲೆಯಲ್ಲಿ ಅವನಿಗೆ ಕೋಟೆಯ ಗೋಡೆ ಎಷ್ಟು ಎತ್ತರ ಇರಬೇಕೆಂದು ಕಂಡುಹಿಡಿಯುವ ಕೆಲಸ ಕೊಟ್ಟರಂತೆ. ಎಲ್ಲರೂ ದಿನಗಟ್ಟಲೆ ಲೆಕ್ಕ ಹಾಕುತ್ತಿದ್ದುದನ್ನು ಅವನು ಗೆರೆ ಎಳೆದು ಬೇಗನೆ ಮುಗಿಸಿದ. ಇಷ್ಟು ಬೇಗ ಉತ್ತರ ಬರುವುದು ಸಾಧ್ಯವೇ ಇಲ್ಲ ಎಂದು ಮೇಲಿನವರು ಅದನ್ನು ನೋಡಲೇ ಒಪ್ಪಲಿಲ್ಲ. ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಬುದ್ಧಿ ಎಲ್ಲ ದೇಶದಲ್ಲೂ ಎಲ್ಲ ಕಾಲದಲ್ಲೂ ಒಂದೇ. ಆಮೇಲೆ ಉತ್ತರ ಸರಿ ಇದೆ ಎಂದು ಗೊತ್ತಾದಾಗ ವಿಧಾನವನ್ನೇ ಸೈನ್ಯದ ಗುಟ್ಟು ಮಾಡಿ ಮುಚ್ಚಿಟ್ಟರು. 1795ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಎಲ್ಲರೆದುರು ಪಾಠ ಮಾಡುವ ತನಕ ಅದು ಹೊರಗೆ ಬರಲಿಲ್ಲ. ನಮ್ಮ ತರಗತಿಯ ಹಿಂದಿನ ಬೆಂಚುಗಳನ್ನು ನೋಡಿದರೆ ಅಲ್ಲಿಯವರೆಗೆ ಇನ್ನೂ ಬಂದಂತಿಲ್ಲ.

ಕಾಗದದ ಕಾಲದಲ್ಲಿ ಹಾಳೆ ನೋಡಿದರೆ ಹುಡುಗ ಯಾರೆಂದು ಹೇಳಬಹುದಿತ್ತು. 2ಎಚ್ ಪೆನ್ಸಿಲ್ಲಿನಿಂದ ಕಾಗದವನ್ನೇ ಉಳುವವನು ಒಬ್ಬ. ಗೆರೆ ಇದೆಯೋ ಇಲ್ಲವೋ ಎಂಬಂತೆ ಹೆದರಿ ಎಳೆಯುವವನು ಇನ್ನೊಬ್ಬ. ಮತ್ತೊಬ್ಬಳ ಹಾಳೆಯ ಮೂಲೆಯಲ್ಲಿ ಶೇಂಗಾ ಚಟ್ನಿಯ ಕಲೆ ತಪ್ಪುತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಕಿಟಕಿಯ ಗಾಜು ಬಿಚ್ಚಿ, ಎರಡು ಕುರ್ಚಿಗಳ ನಡುವೆ ಇಟ್ಟು, ಕೆಳಗೆ ಬಲ್ಬು ಹಚ್ಚಿ ಒಂದು ಹಾಳೆಯನ್ನು ಇನ್ನೊಂದಕ್ಕೆ ಇಳಿಸುವ ಕಲೆಯೂ ಇತ್ತು. ಮಾಸ್ತರರು ಅದನ್ನು ಕಳ್ಳತನ ಎಂದರು. ಈಗ ಯೋಚಿಸಿದರೆ, ಕದಿಯುವಾಗಲೂ ಆ ಹುಡುಗರು ಪ್ರತಿ ಗೆರೆಯನ್ನು ತಮ್ಮ ಕೈಯಿಂದಲೇ ಎಳೆಯುತ್ತಿದ್ದರಲ್ಲ. ಇಂದಿನ ಕಳ್ಳರಿಗೆ ಅಷ್ಟೂ ಶ್ರಮವಿಲ್ಲ. ಒಂದು ಫೈಲು, ಒಂದು ಪೆನ್ ಡ್ರೈವು, ಹೆಸರು ಬದಲಿಸಿದರೆ ಮುಗಿಯಿತು.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ ಮೇಲೆ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯದ ಕೆಳಗೆ ಬಂದವು. ಡ್ರಾಯಿಂಗು ಕಂಪ್ಯೂಟರಿಗೆ ಹತ್ತಿ 'ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್' ಆಯಿತು. ಸಾಲಿಡ್ ಎಡ್ಜ್ ಎಂಬ ತಂತ್ರಾಂಶ ಬಂತು, ಡ್ರಾಫ್ಟರ್ ಹೋಯಿತು, ಬಸ್ಸಿನಲ್ಲಿ ರುಮಾಲುಗಳು ಸುರಕ್ಷಿತವಾದವು. ಪರೀಕ್ಷೆಯಲ್ಲಿ ಮೊದಲು ಗ್ರಾಫ್ ಹಾಳೆಯ ಮೇಲೆ ಕೈಯಿಂದ ಬಿಡಿಸು, ಆಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿ ಪ್ರಿಂಟ್ ತೆಗೆ ಎಂಬ ಪದ್ಧತಿ ಬಹಳ ವರ್ಷ ನಡೆಯಿತು. ವಿಶ್ವವಿದ್ಯಾಲಯಕ್ಕೂ ಒಳಗೊಳಗೇ ಕೈಯ ಮೇಲೆ ಅಷ್ಟು ನಂಬಿಕೆ ಉಳಿದಿತ್ತು ಎಂದು ನಾನು ತಿಳಿದುಕೊಂಡೆ. ಹುಡುಗರು ಮಾತ್ರ ಗ್ರಾಫ್ ಹಾಳೆಯನ್ನು ಸೀಮೆ ದಾಟುವಾಗಿನ ಟೋಲ್ ನಾಕಾ ಎಂದೇ ತಿಳಿದರು.

ಪರದೆಯ ಮೇಲೆ ಗೆರೆ ಎಳೆಯುವುದು ಬಲು ಸುಖದ ಕೆಲಸ. ಇಲಿಯನ್ನು ಸುಮಾರಾಗಿ ಆ ಕಡೆ ಸರಿಸಿದರೆ ಸಾಕು. ನೀವು ಅಡ್ಡಗೆರೆ ಎಳೆಯಬೇಕೆಂದಿದ್ದೀರಿ ಎಂದು ಯಂತ್ರವೇ ಊಹಿಸಿ, ನೆಟ್ಟಗೆ ಮಾಡಿ, ಪಕ್ಕದಲ್ಲಿ ಒಂದು ಗುರುತನ್ನೂ ಇಡುತ್ತದೆ. ಇದು ನಿನ್ನೆಯ ಚಮತ್ಕಾರವಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ 'ಸ್ಕೆಚ್‌ಪ್ಯಾಡ್' ಮಾಡಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಸುಮಾರಾಗಿ ಗೀಚಿ, 'ಇವೆರಡು ಗೆರೆ ಸಮಾಂತರ ಇರಲಿ, ಇವೆರಡು ಸಮ ಇರಲಿ' ಎಂದು ಹೇಳಿದರೆ ಚಿತ್ರ ತಾನೇ ನೆಟ್ಟಗಾಗುತ್ತಿತ್ತು. ಅಂದಿನಿಂದ ಇಂದಿನವರೆಗೆ ಬಂದ ತಂತ್ರಾಂಶಗಳೆಲ್ಲ ನಮ್ಮ ಡೊಂಕನ್ನು ಮುಚ್ಚುವುದರಲ್ಲಿ ಒಂದನ್ನೊಂದು ಮೀರಿಸಿವೆ. ಕಂಪನಿಗಳಿಗೆ ಅದು ವರದಾನವೇ, ತಕರಾರಿಲ್ಲ. ಆದರೆ ಕಲಿಯುವವನಿಗೆ ತನ್ನ ಗೆರೆ ಡೊಂಕಾಗಿತ್ತು ಎಂದೇ ತಿಳಿಯುವುದಿಲ್ಲ. ಮೂವತ್ತು ಹುಡುಗರ ಮೂವತ್ತು ಪ್ರಿಂಟು ಎದುರಿಗೆ ಹರಡಿಕೊಂಡರೆ ಎಲ್ಲವೂ ಒಂದೇ ಮುಖ. ಚಟ್ನಿಯ ಕಲೆ ಕೂಡ ಇಲ್ಲ.

ಪರಿಣಾಮ ಗೊತ್ತಾಗುವುದು ವೆಲ್ಡಿಂಗ್ ಅಂಗಡಿಯಲ್ಲಿ. ಸೊಲ್ಲಾಪುರದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿ ನಮ್ಮೂರಿನ ಮೇಲೆಯೇ ಹಾದುಹೋಗುವುದರಿಂದ ನಿಡಗುಂದಿಯಲ್ಲಿ ಟ್ರಾಲಿ, ಟ್ರೇಲರು, ಗೇಟು, ಗ್ರಿಲ್ಲು ರಿಪೇರಿ ಮಾಡುವವರಿಗೆ ಬರವಿಲ್ಲ. ಪೂರ್ತಿ ಅಂಕ ತೆಗೆದ ಹುಡುಗನೊಬ್ಬ ತಮ್ಮ ಟ್ರ್ಯಾಕ್ಟರಿಗೆ ನೀರಿನ ಡ್ರಮ್ಮು ಕೂರಿಸುವ ಸ್ಟ್ಯಾಂಡು ಮಾಡಿಸಲು ಅಲ್ಲಿಗೆ ಹೋದ. ಹೇಗೆ ಬೇಕು ಎಂದು ಕೇಳಿದರೆ ಎರಡೂ ಕೈ ಗಾಳಿಯಲ್ಲಿ ಆಡಿಸಿದ. "ಬರದ ತೋರಸ್ರಿ ಇಂಜಿನಿಯರ್ ಸಾಹೇಬ್ರ" ಎಂದು ವೆಲ್ಡರು ಸೀಮೆಸುಣ್ಣ ಕೊಟ್ಟರು. ಹುಡುಗ "ಲ್ಯಾಪ್‌ಟಾಪು ಮನ್ಯಾಗ ಐತ್ರಿ" ಎಂದ. ವೆಲ್ಡರೇ ಸೀಮೆಸುಣ್ಣ ಹಿಂದಕ್ಕೆ ತೆಗೆದುಕೊಂಡು ನೆಲದ ಮೇಲೆ ನಾಲ್ಕು ಕಾಲು, ಎರಡು ಅಡ್ಡಪಟ್ಟಿ, ಒಂದು ಓರೆಪಟ್ಟಿ ಎಳೆದರು. ಮುಂದಿನ ಮುಖ ಇದ್ದಂತೆಯೇ, ಆಳವನ್ನು ಮಾತ್ರ ಓರೆಯಾಗಿ ಹಿಂದಕ್ಕೆ ಸರಿಸಿ. ಪುಸ್ತಕದಲ್ಲಿ ಆಬ್ಲಿಕ್ ಪ್ರೊಜೆಕ್ಷನ್ ಎಂದು ಒಂದು ಅಧ್ಯಾಯವೇ ಇದೆ, ವೆಲ್ಡರು ಅದನ್ನು ಓದಿಲ್ಲ. ಓದಿದ್ದರೆ ಇಷ್ಟು ಸಲೀಸಾಗಿ ಎಳೆಯುತ್ತಿದ್ದರೋ ಇಲ್ಲವೋ.

ಕೈಯಿಂದ ಗೆರೆ ಎಳೆಯುವುದನ್ನು ಯಂತ್ರವೇ ಕಲಿಸುತ್ತದೆ ಎಂಬ ಟೆಕ್ಸಾಸಿನ ಸುದ್ದಿ ನಮ್ಮ ಮನೆಗೆ ಬಂದದ್ದು ಇದರ ನಂತರ, ನನ್ನ ತಂಗಿಯ ಮಗನ ಮೂಲಕ. ಅವನು ಕಂಪ್ಯೂಟರ್ ಸೈನ್ಸ್ ಓದುವವನು. ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಟ್ರೇಸಿ ಹ್ಯಾಮಂಡ್ ಎಂಬ ಪ್ರಾಧ್ಯಾಪಕಿಯ ಪ್ರಯೋಗಾಲಯವಿದೆ. ಕೈಯಿಂದ ಗೀಚಿದ ಚಿತ್ರವನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವುದೇ ಅಲ್ಲಿಯ ಕೆಲಸ. ಅವರು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡಿಸೈನ್ ಸ್ಕೆಚಿಂಗ್ ಕಲಿಸಲು 'ಪರ್‌ಸ್ಕೆಚ್‌ಟಿವಿಟಿ' ಎಂಬ ತಂತ್ರಾಂಶ ಮಾಡಿದ್ದಾರೆ. ಪೆನ್ನು ಹಿಡಿದು ಪರದೆಯ ಮೇಲೆ ಗೆರೆ, ಚೌಕ, ವೃತ್ತ ಎಳೆಯಬೇಕು, ಮುಂದೆ ದೃಷ್ಟಿಕೋನ ಹಿಡಿದು ಪೆಟ್ಟಿಗೆ ಬಿಡಿಸಬೇಕು. ಗೆರೆ ಎಷ್ಟು ಕರಾರುವಾಕ್ಕು, ಎಷ್ಟು ನುಣುಪು, ಎಷ್ಟು ವೇಗ ಎಂದು ಅದು ಆಗಿಂದಾಗ್ಗೆ ಹೇಳುತ್ತದೆ.

ನನಗೆ ಹಿಡಿಸಿದ್ದು ಅದು ಏನು ಮಾಡುತ್ತದೆ ಎಂಬುದಕ್ಕಿಂತ ಏನು ಮಾಡುವುದಿಲ್ಲ ಎಂಬುದು. ಅದು ಗೆರೆಯನ್ನು ನೆಟ್ಟಗೆ ಮಾಡಿಕೊಡುವುದಿಲ್ಲ. ಡೊಂಕನ್ನು ಡೊಂಕಾಗಿಯೇ ಎದುರಿಗಿಟ್ಟು ಇಷ್ಟು ಡೊಂಕು ಎನ್ನುತ್ತದೆ, ಮತ್ತೆ ಎಳೆಯಲು ಬಿಡುತ್ತದೆ. ಹತ್ತನೆಯ ಸಲವೂ ಅದಕ್ಕೆ ಬೇಸರವಿಲ್ಲ, ಮನೆಗೆ ಹೋಗುವ ಬಸ್ಸು ತಪ್ಪುವ ಚಿಂತೆಯಿಲ್ಲ. ಅರವತ್ತು ಹುಡುಗರ ತರಗತಿಯಲ್ಲಿ ಮಾಸ್ತರನೊಬ್ಬ ಪ್ರತಿಯೊಬ್ಬನ ಪ್ರತಿ ಗೆರೆಯ ಹಿಂದೆ ನಿಂತು ನೋಡಲಾರ. ಈ ಒಂದು ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಡಲು ನನಗೆ ಅಭಿಮಾನಭಂಗವೇನೂ ಆಗಲಿಲ್ಲ.

ವೇಗ ಯಾಕೆ ಬೇಕು ಎಂದು ಅಳಿಯ ಕೇಳಿದ. ಗೆರೆ ಎಳೆದು ಅಭ್ಯಾಸವಿದ್ದವರಿಗೆ ಇದು ಗೊತ್ತು: ನಿಧಾನಕ್ಕೆ ಎಳೆದಷ್ಟೂ ಕೈ ನಡುಗುತ್ತದೆ. ಮಣಿಕಟ್ಟು ತಿರುಗಿದರೆ ಗೆರೆ ಬಾಗುತ್ತದೆ; ಭುಜದಿಂದ ತೋಳನ್ನೆಲ್ಲ ಆಡಿಸಿದರೆ ಉದ್ದ ಗೆರೆ ನೆಟ್ಟಗೆ ಬರುತ್ತದೆ. ಎಳೆಯುವ ಮೊದಲು ಕಾಗದ ಮುಟ್ಟದೆ ಅದೇ ದಾರಿಯಲ್ಲಿ ಕೈಯನ್ನು ಒಂದೆರಡು ಸಲ ಓಡಿಸಿ, ಕಣ್ಣನ್ನು ಪೆನ್ನಿನ ತುದಿಯ ಮೇಲಲ್ಲ, ಮುಟ್ಟಬೇಕಾದ ಚುಕ್ಕೆಯ ಮೇಲೆ ಇಟ್ಟು ಎಳೆಯಬೇಕು. ಇಷ್ಟು ಹೇಳಿದ್ದೇ ತಪ್ಪಾಯಿತು. ಅಳಿಯ ಬೇಸಿಗೆ ರಜೆಯ ಪ್ರಾಜೆಕ್ಟಿಗೆ ಇಂಥದೇ ಒಂದು ಚಿಕ್ಕ ಪ್ರೋಗ್ರಾಮು ಬರೆಯಲು ಕೂತ. ಪರದೆಯ ಮೇಲೆ ಎರಡು ಚುಕ್ಕೆ. ಪೆನ್ನು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲೆಲ್ಲಿತ್ತು, ಯಾವ ಗಳಿಗೆಯಲ್ಲಿತ್ತು ಎಂದು ಬರೆದಿಟ್ಟುಕೊಂಡು, ನೆಟ್ಟಗಿನ ಗೆರೆಯಿಂದ ಎಷ್ಟು ದೂರ ಸರಿದಿದೆ ಎಂದು ಲೆಕ್ಕ ಹಾಕುವುದು. ಲೆಕ್ಕ ದೊಡ್ಡದೇನಲ್ಲ, ಪಿಯುಸಿಯ ರೇಖಾಗಣಿತ.

ಅಂಕದ ಬದಲು ಮಾತು ಹಾಕಿದ್ದು ಅವನದೇ ತಲೆ. ನೂರಕ್ಕೆ ಅರವತ್ತೆರಡು ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ ಎಂದು ಅವನ ವಾದ. ಹಾಗಾಗಿ ಗೆರೆ ಚೆನ್ನಾಗಿ ಬಂದರೆ ಪರದೆಯ ಮೇಲೆ "ಛಲೋ ಐತಿ, ಇನ್ನೊಂದು ಹೊಡಿ" ಎಂದು ಬರುತ್ತಿತ್ತು. ಸ್ವಲ್ಪ ನಡುಗಿದರೆ "ಕೈ ನಡಗಾಕತ್ತೈತಿ, ಚಾ ಕುಡದ್ ಬಾ." ಬಹಳ ನಿಧಾನವಾದರೆ "ಬಸ್ ಹೋತಲೇ!" ಪೂರಾ ಕೆಟ್ಟರೆ "ಇದು ಗೆರಿ ಅಲ್ಲೋ ತಮ್ಮಾ, ಹಾವು." ಎರಡು ದಿನದಲ್ಲಿ ಓಣಿಯ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ. ಎರವಲು ತಂದ ಒಂದೇ ಟ್ಯಾಬು, ಒಂದೇ ಪೆನ್ನು. ಹಾವು ಎಂದು ಬೈಸಿಕೊಳ್ಳುವುದಕ್ಕಾಗಿಯೇ ಬೇಕೆಂತಲೇ ಸೊಟ್ಟ ಎಳೆಯುವವರು ಹೆಚ್ಚಾಗಿ, ಕಲಿಯುವವರಿಗೆ ಸರದಿ ಸಿಗದಂತಾಯಿತು. ಶಿಕ್ಷಣಶಾಸ್ತ್ರದವರು ಇದನ್ನು ಆಟದ ಮೂಲಕ ಕಲಿಕೆ ಎನ್ನುತ್ತಾರೆ. ನನಗೆ ಕಂಡದ್ದು ಮುಕ್ಕಾಲು ಪಾಲು ಆಟವೇ, ಆದರೆ ಉಳಿದ ಕಾಲು ಪಾಲಿನಲ್ಲಿ ಕೈಗಳು ನಿಜವಾಗಿಯೂ ನೆಟ್ಟಗಾದವು.

ತಂಗಿ ಅಡುಗೆಮನೆಯಿಂದ ಬಂದು ಒಂದು ಗೆರೆ ಎಳೆದಳು. "ಛಲೋ ಐತಿ, ಇನ್ನೊಂದು ಹೊಡಿ." ಇನ್ನೊಂದು ಎಳೆದಳು. ಅದೇ ಮಾತು. ದಿನಾ ಬೆಳಿಗ್ಗೆ ಬಗ್ಗಿ ನಿಂತು ತೋಳು ಇಳಿಬಿಟ್ಟು ಚುಕ್ಕಿಯಿಂದ ಚುಕ್ಕಿಗೆ ರಂಗೋಲಿ ಎಳೆಯುವವಳಿಗೆ ಭುಜದ ಪಾಠ ಬೇರೆ ಬೇಕಿರಲಿಲ್ಲ. "ಇಷ್ಟ ಏನು?" ಎಂದು ಕೇಳಿ ಒಗ್ಗರಣೆ ಸೀಯುತ್ತದೆಂದು ಒಳಗೆ ಹೋದಳು. ಮಗನಿಗೆ ಸ್ವಲ್ಪ ಅವಮಾನವಾಯಿತು.

ನಿಜವಾದ ತೊಂದರೆ ಬಂದದ್ದು ಬಡಿಗೇರ ಮಾಮಾ ಬಂದಾಗ. ಬಾಗಿಲ ಚೌಕಟ್ಟಿನ ಅಳತೆಗೆಂದು ಬಂದವರು, ಅರವತ್ತು ದಾಟಿದವರು, ಕಿವಿಯ ಮೇಲೆ ಪೆನ್ಸಿಲ್ಲು. ಹುಡುಗರ ಒತ್ತಾಯಕ್ಕೆ ಕೂತು ಬಲು ಎಚ್ಚರದಿಂದ ಒಂದು ಗೆರೆ ಎಳೆದರು. ಅವರು ಮರದ ಮೇಲೆ ಉದ್ದ ಗೆರೆಯನ್ನು ಕೈಯಿಂದ ಎಳೆಯುವವರೇ ಅಲ್ಲ. ಬಣ್ಣದಲ್ಲಿ ಅದ್ದಿದ ನೂಲನ್ನು ಬಿಗಿಹಿಡಿದು ಚಿಮ್ಮಿದರೆ ಗೆರೆ ತಾನೇ ಮೂಡುತ್ತದೆ. ಗಾಜಿನ ಮೇಲೆ ಪ್ಲಾಸ್ಟಿಕ್ ಪೆನ್ನು ಜಾರಿತು. ಪರದೆ ಹೇಳಿತು: "ಇದು ಗೆರಿ ಅಲ್ಲೋ ತಮ್ಮಾ, ಹಾವು."

ಪಡಸಾಲೆ ತಣ್ಣಗಾಯಿತು. ಮಾಮಾ ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು. "ತಮ್ಮಾ ಅಂತೈತೇನು ಇದು ನನಗ?"

"ಅದಕ್ಕ ಗೊತ್ತಿಲ್ರಿ ಮಾಮಾ, ಮಷೀನ್ ಐತ್ರಿ" ಎಂದು ಅಳಿಯ ತೊದಲಿದ.

"ಮಷೀನ್ ಆದ್ರೇನು? ಬರದಾಂವ ನೀನ ಅಲ್ಲೇನು?"

ಅಂದು ಸಂಜೆ ಪ್ರೋಗ್ರಾಮಿಗೆ ಹೊಸದೊಂದು ಕಿಟಕಿ ಸೇರಿತು: ವಯಸ್ಸು ಎಷ್ಟು? ಇಪ್ಪತ್ತೈದು ದಾಟಿದ್ದರೆ ಪ್ರತಿ ಮಾತಿಗೂ 'ರೀ' ಹತ್ತಬೇಕು. ಐವತ್ತು ದಾಟಿದ್ದರೆ ಹಾವು ಪೂರಾ ರದ್ದು, ಅದರ ಬದಲು "ಪೆನ್ನು ಸರಿ ಇಲ್ಲ ಕಾಣಸ್ತೈತ್ರಿ, ಇನ್ನೊಮ್ಮೆ ನೋಡ್ರಿ." ಅಳಿಯನ ಪ್ರಕಾರ ಇಡೀ ಪ್ರೋಗ್ರಾಮಿನಲ್ಲಿ ರೇಖಾಗಣಿತಕ್ಕಿಂತ ಹೆಚ್ಚು ಸಾಲು ತಿಂದದ್ದು ಈ ಭಾಗವೇ. ಹೆಣ್ಣುಮಕ್ಕಳಿಗೆ ಅಕ್ಕಾ ಎನ್ನಬೇಕೋ ಅವ್ವಾ ಎನ್ನಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಟೆಕ್ಸಾಸಿನವರಿಗೆ ಈ ಕಷ್ಟ ಇದ್ದಿರಲಾರದು.

ಗೆರೆ ನೆಟ್ಟಗಾದ ಮೇಲೆ ಏನು ಬಿಡಿಸಬೇಕು ಎಂಬ ಪ್ರಶ್ನೆ ಎದ್ದಿತು. ನಮ್ಮೂರಿನ ಪಕ್ಕದಲ್ಲೇ ಆಲಮಟ್ಟಿ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು, ಈಗ ಅವರ ಹೆಸರಿನದೇ ಜಲಾಶಯ. ಮಳೆಗಾಲದಲ್ಲಿ ಅದರ 26 ಗೇಟುಗಳನ್ನು ತೆರೆದರೆಂದರೆ ಜಿಲ್ಲೆಯ ಅರ್ಧ ಮೊಬೈಲುಗಳು ಅಲ್ಲಿರುತ್ತವೆ. ನಾನು ಹುಡುಗರಿಗೆ ಕೇಳಿದೆ: ಗೇಟು ಹೇಗೆ ಮೇಲಕ್ಕೆ ಹೋಗುತ್ತದೆ, ಬಿಡಿಸಿ. ಒಬ್ಬೊಬ್ಬನ ಫೋನಿನಲ್ಲಿ ನೂರು ಫೋಟೋ ಇದ್ದವು, ಎಲ್ಲದರಲ್ಲೂ ಗೇಟು ಇತ್ತು, ಯಾರಿಗೂ ಬರಲಿಲ್ಲ. ಹೆಚ್ಚಿನವರು ಅಂಗಡಿಯ ಶಟರಿನ ಹಾಗೆ ನೇರ ಮೇಲಕ್ಕೆ ಎಳೆದರು.

ಆಲಮಟ್ಟಿಯದು ರೇಡಿಯಲ್ ಗೇಟು. ನೀರಿಗೆ ಎದೆಗೊಟ್ಟ ಮುಖ ಒಂದು ವೃತ್ತದ ತುಂಡು. ಅದರ ಹಿಂದಿನಿಂದ ಎರಡು ತೋಳುಗಳು ಬಂದು ವೃತ್ತದ ಕೇಂದ್ರದಲ್ಲಿರುವ ಕೀಲಿಗೆ ಸೇರುತ್ತವೆ. ಮುಖದ ಪ್ರತಿ ಬಿಂದುವಿನ ಮೇಲೂ ನೀರು ಒತ್ತುವ ದಿಕ್ಕು ಆ ಕೇಂದ್ರದ ಕಡೆಗೇ. ಹುಡುಗಿಯೊಬ್ಬಳು ಆ ಬಾಣಗಳನ್ನೆಲ್ಲ ಎಳೆದಳು. ಎಲ್ಲವೂ ಕೀಲಿನಲ್ಲಿ ಕೂಡಿದ್ದನ್ನು ನೋಡಿ ತಾನೇ ನಿಂತಳು. "ಹಂಗಾದ್ರ ಎತ್ತುವಾಗ ನೀರಿನ ಜೋಡಿ ಕುಸ್ತಿ ಆಡೂದ ಇಲ್ಲಲ್ರಿ ಸರ್?" ಹೌದು, ಗೇಟಿನ ಸ್ವಂತ ಭಾರ ಮತ್ತು ಉಜ್ಜಾಟ ಇಷ್ಟನ್ನೇ ಗೆದ್ದರೆ ಸಾಕು. ಈ ಮಾತು ನನ್ನ ನೋಟ್ಸಿನಲ್ಲಿ ಬಹಳ ವರ್ಷದಿಂದ ಇದೆ, ಯಾರೂ ಹೀಗೆ ತಡೆದು ನಿಂತು ಕೇಳಿದ್ದಿಲ್ಲ. ಫೋಟೋ ತೆಗೆಯುವಾಗ ತೋಳು ಎಲ್ಲಿಗೆ ಸೇರುತ್ತದೆ ಎಂದು ನಿರ್ಧರಿಸಬೇಕಾಗಿಲ್ಲ. ಬಿಡಿಸುವಾಗ ಗೆರೆಯನ್ನು ಎಲ್ಲಾದರೂ ನಿಲ್ಲಿಸಲೇಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಚಹಾದಂಗಡಿಗಳಲ್ಲಿ ನಡೆದದ್ದೂ ಇದೇ. ಅಲ್ಲಿಯವು ನೇರ ಮೇಲಕ್ಕೆ ಏಳುವ ಗೇಟುಗಳು, ಅದಕ್ಕೇ ಸರಪಳಿ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಲು ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದಿದ್ದಾರೆ ಎಂಬ ಸುದ್ದಿ ಬಂತು. ಸ್ಟಾಪ್ ಲಾಗ್ ಎಂದರೇನು? ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ, ನೀರು ತಡೆಯಲು ಒಂದರ ಮೇಲೊಂದು ಇಳಿಸುವ ಹಲಗೆಗಳನ್ನು ಒಬ್ಬರು ಬಿಡಿಸಿದರು. ಹಂಗಲ್ಲ ಎಂದು ಇನ್ನೊಬ್ಬರು ಒರೆಸಿ ಮತ್ತೆ ಬಿಡಿಸಿದರು. ಆ ವಾರ ನಮ್ಮೂರಿನಲ್ಲಿ ಇಂಜಿನಿಯರ್ ಅಲ್ಲದವನು ಸಿಗುವುದೇ ಕಷ್ಟವಾಗಿತ್ತು.

ಹುಡುಗರನ್ನು ಗೋಳಗುಮ್ಮಟಕ್ಕೂ ಕರೆದುಕೊಂಡು ಹೋದೆ. ಎಲ್ಲರೂ ಓಡುವುದು ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ, ಕೂಗುವುದಕ್ಕೆ. ನಾನು ಕೆಳಗೆ ನಿಲ್ಲಿಸಿ ತಲೆಯೆತ್ತಿ ನೋಡಲು ಹೇಳಿದೆ. ತಳದಲ್ಲಿ ಚೌಕ, ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಗುಂಡು ಗುಮ್ಮಟ; ಚೌಕದ ಮೇಲೆ ವೃತ್ತ ಕೂತದ್ದು ಹೇಗೆ? ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಮೂಲೆಗಳನ್ನು ತುಂಬಿಕೊಂಡಿವೆ. ನಕ್ಷೆಯಲ್ಲಿ ನೋಡಿದರೆ ಒಂದು ಚೌಕ, ಅದರ ಮೇಲೆ ನಲವತ್ತೈದು ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ. "ಸರ್, ಇದು ನಮ್ಮವ್ವನ ಎಂಟು ಮೂಲಿ ರಂಗೋಲಿ!" ಎಂದಳು ಅದೇ ಹುಡುಗಿ. ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ, ಮೊಂಜ್ ಹುಟ್ಟುವುದಕ್ಕೂ ಬಹಳ ಮೊದಲು. ಗುಮ್ಮಟ ಕಟ್ಟಿದವರು ನೆಲದ ಮೇಲೆ ಏನೇನು ಗೆರೆ ಎಳೆದುಕೊಂಡಿದ್ದರೋ, ಕಾಗದ ಮಾತ್ರ ನಮಗೆ ಉಳಿಸಿಲ್ಲ.

ನಮ್ಮ ಕಾಲೇಜುಗಳ ಈಚಿನ ಪಠ್ಯಕ್ರಮದಲ್ಲಿ 'ಇನ್ನೋವೇಶನ್ ಆ್ಯಂಡ್ ಡಿಸೈನ್ ಥಿಂಕಿಂಗ್' ಎಂಬ ವಿಷಯ ಬಂದಿದೆ. ಒಂದು ಕ್ರೆಡಿಟ್ಟು. ಹಳದಿ ಚೀಟಿಗಳನ್ನು ಗೋಡೆಗೆ ಹಚ್ಚುವುದು ಅದರಲ್ಲಿ ಬಹಳ. ನಾನು ಅದನ್ನು ವಿರೋಧಿಸುವವನಲ್ಲ. ಚೀಟಿಯ ಮೇಲೆ ಶಬ್ದದ ಬದಲು ಒಂದು ಚಿತ್ರ ಬಿಡಿಸಲು ಹೇಳಿದರೆ ಅರ್ಧ ಚೀಟಿ ಉಳಿಯುತ್ತದೆ ಎಂದಷ್ಟೇ ನನ್ನ ಅಭಿಪ್ರಾಯ.

ಅಳಿಯನ ಪ್ರೋಗ್ರಾಮು ಈಗ ಪೆಟ್ಟಿಗೆಯ ತನಕ ಬಂದಿದೆ. ಪೆಟ್ಟಿಗೆ ಸಾಕು, ಕೂರಿಗೆ ಹಾಕು ಎಂದು ನಾನು ಹಟ ಹಿಡಿದೆ. ಮೇಲೆ ಬೀಜ ಬಿಡುವ ಬಟ್ಟಲು, ಅದರಿಂದ ಇಳಿಯುವ ಕೊಳವೆಗಳು, ಕೆಳಗೆ ಎರೆ ಮಣ್ಣು ಸೀಳುವ ತಾಳುಗಳು: ಕೈಗೂ ಕಣ್ಣಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ? ಆದರೆ ಯಂತ್ರ ತಾಳೆ ನೋಡಬೇಕಾದರೆ ಅದರ ಬಳಿ ಸರಿಯಾದ ಕೂರಿಗೆ ಒಂದು ಇರಬೇಕು. ಅಳಿಯ ಟೇಪು ಹಿಡಿದು ಬಡಿಗೇರ ಮಾಮಾನ ಅಂಗಳಕ್ಕೆ ಹೋದ. ತಾಳಿನಿಂದ ತಾಳಿಗೆ ಎಷ್ಟು ಅಂತರ ಎಂದು ಕೇಳಿದ.

"ಯಾವುದಕ್ಕ? ಜ್ವಾಳಕ್ಕ ಬ್ಯಾರೆ, ಕಡ್ಲಿಗಿ ಬ್ಯಾರೆ."

"ಜ್ವಾಳಕ್ಕ ಅಂತ ಹಿಡೀರಿ."

"ಯಾರ ಹೊಲಕ್ಕ? ಎತ್ತು ಎಂಥಾವು? ದೊಡ್ಡ ಎತ್ತಿಗೆ ಮಾಡಿದ್ದು ಸಣ್ಣ ಎತ್ತಿಗೆ ಹತ್ತಂಗಿಲ್ಲ."

"ಮಾಮಾ, ಒಂದ ಕರೆಕ್ಟ್ ಕೂರಿಗಿ ಹೇಳ್ರಿ, ಸಾಕು."

ಮಾಮಾ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಹಲಗೆಯ ಚೂರಿನ ಮೇಲೆ ಒಂದು ಕೂರಿಗೆ ಬಿಡಿಸಿದರು. ಅದರ ಪಕ್ಕದಲ್ಲೇ ಸ್ವಲ್ಪ ಬೇರೆಯದೊಂದು, ಅದರ ಕೆಳಗೆ ಮತ್ತೊಂದು. ಮೂರೂ ಕರೆಕ್ಟು ಎಂದರು. ಅಳಿಯ ಹಲಗೆಯ ಚೂರನ್ನು ಮನೆಗೆ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತ. ಗೆರೆಗೆ ಸರಿ ಉತ್ತರ ಒಂದೇ ಇತ್ತು. ಕೂರಿಗೆಗೆ ಅವನು ಎಷ್ಟು ತಿಣುಕಿದರೂ ಒಂದು ಸಿಗಲಿಲ್ಲ. ಕೊನೆಗೆ ಏನೋ ಟೈಪು ಮಾಡಿ ಟ್ಯಾಬನ್ನು ನನ್ನ ಕೈಗೆ ಕೊಟ್ಟ. ನಾನು ನನ್ನ ವಯಸ್ಸು ತುಂಬಿ, ಕೂರಿಗೆಯೊಂದನ್ನು ಬಿಡಿಸಿ, ಒಪ್ಪಿಸು ಎಂಬ ಗುಂಡಿ ಒತ್ತಿದೆ. ಪರದೆಯ ಮೇಲೆ ಬಂತು: "ಗೆರಿ ಛಲೋ ಅದಾವ್ರಿ. ಬಿತ್ತತೈತೋ ಇಲ್ಲೋ ಬಡಿಗೇರ ಮಾಮಾನ್ನ ಕೇಳ್ರಿ."